ಸಿದ್ಧಪುಟದ ಲಾಭವೂ ಅಪಾಯವೂ

ಅಂತರಜಾಲದ ಮೂಲಕ ವ್ಯಾಪಾರ ನಡೆಸುವ ಉದ್ದಿಮೆದಾರರಿಗೆ ತಾಣದ ನಿಧಾನಗತಿಯು ನಷ್ಟಕ್ಕೆ ದಾರಿ. ಇದಕ್ಕೆ ತಂತ್ರಜ್ಞರು ಸೂಚಿಸುವ ಪರಿಹಾರಗಳಲ್ಲಿ ಮುಖ್ಯವಾದುದು ‘ಕ್ಯಾಶ್’. ಉಚ್ಚಾರ ಒಂದೇ ಆದರೂ ಇದು ನಗದಲ್ಲ. ಒಮ್ಮೆ ಸಿದ್ಧಪಡಿಸಿದುದನ್ನು ಮರುಬಳಕೆಗಾಗಿ ತೆಗೆದಿರಿಸುವ ವ್ಯವಸ್ಥೆ.

ತಾಣದ ಪುಟವು ಬಿಲ್ ಪುಸ್ತಕವನ್ನು ಹೋಲುತ್ತದೆ. ಖಾಲಿ ನಮೂನೆಯೇ ಟೆಂಪ್ಲೇಟ್. ಗ್ರಾಹಕನು ಪುಟವನ್ನು ಕೇಳಿದಾಗ ಸರ್ವರ್ ಡೇಟಾಬೇಸಿನಿಂದ ಸರಕಿನ ಹೆಸರು, ಬೆಲೆ, ದಾಸ್ತಾನುಗಳನ್ನು ತೆಗೆದು ನಮೂನೆಯಲ್ಲಿ ತುಂಬಿ ಕಳುಹಿಸುತ್ತದೆ. ಸಾವಿರ ಮಂದಿ ಒಂದೇ ಪುಟವನ್ನು ಕೇಳಿದರೆ ಅದೇ ಕೆಲಸ ಸಾವಿರ ಬಾರಿ ನಡೆಯುತ್ತದೆ.

ಅಮೆರಿಕದ ಕಾನ್ಸಾಸ್‌ನ ‘ಲಾರೆನ್ಸ್ ಜರ್ನಲ್-ವರ್ಲ್ಡ್’ ಪತ್ರಿಕೆಯ ಕಚೇರಿಯಲ್ಲಿ ರೂಪುಗೊಂಡು 2005ರಲ್ಲಿ ಸಾರ್ವಜನಿಕರಿಗೆ ಮುಕ್ತವಾದ ‘ಜಾಂಗೊ’ ಚೌಕಟ್ಟಿನಲ್ಲಿ ಈ ಶ್ರಮವನ್ನು ಎರಡು ಬಗೆಯಲ್ಲಿ ಉಳಿಸಬಹುದು. ಖಾಲಿ ನಮೂನೆಯನ್ನು ಮಾತ್ರ ಸ್ಮೃತಿಯಲ್ಲಿ ಇರಿಸಿಕೊಳ್ಳುವುದು ಮೊದಲನೆಯದು. 2017ರ 1.11ನೇ ಆವೃತ್ತಿಯಿಂದ, ವ್ಯವಹಾರಕ್ಕೆ ತೆರೆದ ತಾಣಗಳಲ್ಲಿ ಇದು ಸಾಮಾನ್ಯವಾಗಿ ತಾನಾಗಿಯೇ ನಡೆಯುತ್ತದೆ. ಇದರಲ್ಲಿ ಗ್ರಾಹಕರ ವಿವರವಿಲ್ಲದ ಕಾರಣ ಅಪಾಯವಿಲ್ಲ. ತುಂಬಿದ ಪುಟವನ್ನು, ಇಲ್ಲವೇ ಅದರ ಒಂದು ಭಾಗವನ್ನು, ಇಂತಿಷ್ಟು ಸೆಕೆಂಡುಗಳ ಕಾಲ ಉಳಿಸಿಕೊಳ್ಳುವುದು ಎರಡನೆಯದು. ಲಾಭ ಹೆಚ್ಚಿರುವುದೂ ಎಚ್ಚರ ಬೇಕಿರುವುದೂ ಇಲ್ಲಿಯೇ.

2015ರ ಡಿಸೆಂಬರ್ 25ರಂದು ವಾಲ್ವ್ ಸಂಸ್ಥೆಯ ‘ಸ್ಟೀಮ್’ ಎಂಬ ಆಟಗಳ ಮಾರಾಟ ತಾಣದ ಮೇಲೆ ದಾಳಿ ನಡೆದು ದಟ್ಟಣೆ ವಿಪರೀತವಾಯಿತು. ಅದನ್ನು ನಿಭಾಯಿಸಲು ಅಳವಡಿಸಿದ ಕ್ಯಾಶ್ ನಿಯಮವು ತಪ್ಪಾಗಿದ್ದುದರಿಂದ, ಒಬ್ಬರಿಗಾಗಿ ಸಿದ್ಧವಾದ ಪುಟ ಮತ್ತೊಬ್ಬರಿಗೆ ತಲುಪಿತು. ಸುಮಾರು 34,000 ಬಳಕೆದಾರರ ಮಾಹಿತಿ ಹೀಗೆ ಅನ್ಯರಿಗೆ ಕಂಡಿರಬಹುದೆಂದು ಸಂಸ್ಥೆಯೇ ತಿಳಿಸಿತು. ವಿಳಾಸ, ಖರೀದಿಯ ವಿವರಗಳೂ ಕೆಲವು ಪುಟಗಳಲ್ಲಿದ್ದವು. ಒಬ್ಬರ ಖಾತೆಯ ಹಾಳೆಯನ್ನು ಇನ್ನೊಬ್ಬರ ಕೈಗಿತ್ತಂತಾಯಿತು.

ಆದುದರಿಂದ ತಾಣ ನಿರ್ಮಿಸುವವರನ್ನು ಮಾಲೀಕರು ಮೂರು ಪ್ರಶ್ನೆ ಕೇಳುವುದು ಉಚಿತ.

1. ಯಾವ ಭಾಗಗಳನ್ನು ಉಳಿಸಿಕೊಳ್ಳಲಾಗುತ್ತಿದೆ? ಸಂಸ್ಥೆಯ ಪರಿಚಯ, ಸರಕಿನ ವರ್ಣನೆಗಳು ಇದಕ್ಕೆ ತಕ್ಕವು.

2. ಎಷ್ಟು ಕಾಲ? ಅವಧಿ ಒಂದು ಗಂಟೆಯಾದರೆ, ಬೆಲೆ ಬದಲಾದ ಮೇಲೂ ಅಷ್ಟು ಹೊತ್ತು ಹಳೆಯ ಬೆಲೆಯೇ ಕಾಣಬಹುದು. ಬೆಲೆ ತಿದ್ದಿದೊಡನೆ ಹಳೆಯ ಪ್ರತಿಯನ್ನು ಅಳಿಸುವ ಏರ್ಪಾಡಿರಬೇಕು.

3. ಯಾರಿಗಾಗಿ? ಖಾತೆ, ಬೇಡಿಕೆ, ಪಾವತಿಯ ಪುಟಗಳನ್ನು ಉಳಿಸದಿರುವುದೇ ಕ್ಷೇಮ. ಉಳಿಸಲೇಬೇಕಾದರೆ ಪ್ರತಿ ಗ್ರಾಹಕನ ಗುರುತಿನೊಡನೆ ಪ್ರತ್ಯೇಕ ಪ್ರತಿ ಇರಬೇಕು.

ವೇಗವು ಗ್ರಾಹಕರನ್ನು ಕರೆತರಬಹುದು. ಅವರನ್ನು ಉಳಿಸಿಕೊಡುವುದು ವಿಶ್ವಾಸ. ಮೊದಲನೆಯದಕ್ಕಾಗಿ ಎರಡನೆಯದನ್ನು ಅಡವಿಡುವುದು ಯಾವ ವರ್ತಕರಿಗೂ ಹಿತವಲ್ಲ.