ಹೊಕ್ಕುಳಬಳ್ಳಿಯ ರಕ್ತ: ಎಳೆತನವೇ ಬಂಡವಾಳ

ಮಗು ಹುಟ್ಟಿ ಹೊಕ್ಕುಳಬಳ್ಳಿ ಕತ್ತರಿಸಿದ ಮೇಲೂ ಬಳ್ಳಿಯಲ್ಲಿ ಮತ್ತು ಮಾಸಿನಲ್ಲಿ ಒಂದಿಷ್ಟು ರಕ್ತ ಉಳಿದಿರುತ್ತದೆ. ಅದು ತಾಯಿಯದಲ್ಲ, ಮಗುವಿನದು. ಬಳ್ಳಿಯೊಳಗೆ ಎರಡು ಅಪಧಮನಿ, ಒಂದು ಅಭಿಧಮನಿ ಇರುತ್ತವೆ. ಅಭಿಧಮನಿಗೆ ಸೂಜಿ ಚುಚ್ಚಿ ಚೀಲವನ್ನು ತಗ್ಗಿನಲ್ಲಿಟ್ಟರೆ ಸಾಮಾನ್ಯವಾಗಿ 50ರಿಂದ 150 ಮಿ.ಲೀ. ರಕ್ತ ತಾನಾಗಿ ಇಳಿದು ಬರುತ್ತದೆ. ಇದರಿಂದ ತಾಯಿಗಾಗಲಿ ಮಗುವಿಗಾಗಲಿ ನೋವಿಲ್ಲ.

ಸ್ಲೈಡಿನ ಮೇಲೆ ಒಂದು ಹನಿ

ಈ ರಕ್ತದ ಹನಿಯನ್ನು ಸ್ಲೈಡಿನ ಮೇಲೆ ತೆಳುವಾಗಿ ಸವರಿ, ಲೀಶ್ಮನ್ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೆಂಪುಕಣಗಳು ದೊಡ್ಡವರ ಕಣಗಳಿಗಿಂತ ದಪ್ಪಗೆ ಕಾಣುತ್ತವೆ. ಅಲ್ಲೊಂದು ಇಲ್ಲೊಂದು ಕಣದ ನಡುವೆ ಕಡುನೇರಳೆ ಬಣ್ಣದ ದುಂಡನೆಯ ನ್ಯೂಕ್ಲಿಯಸ್ ಇರುತ್ತದೆ. ದೊಡ್ಡವರಲ್ಲಿ ಕೆಂಪುಕಣವು ನ್ಯೂಕ್ಲಿಯಸ್ಸನ್ನು ಮಜ್ಜೆಯಲ್ಲೇ ಕಳಚಿಟ್ಟು ರಕ್ತಕ್ಕೆ ಇಳಿಯುತ್ತದೆ. ಅವರ ರಕ್ತದಲ್ಲಿ ಇಂಥ ಕಣ ಕಂಡರೆ ವೈದ್ಯರು ಕಾಯಿಲೆಯನ್ನು ಶಂಕಿಸುತ್ತಾರೆ. ನವಜಾತ ಶಿಶುವಿನಲ್ಲಿ ಕೆಲವು ಇರುವುದು ಸಹಜ. ಕೆಲವು ಯಂತ್ರಗಳು ಇವನ್ನು ಬಿಳಿಕಣಗಳೆಂದೇ ಎಣಿಸಿಬಿಡುವುದರಿಂದ ಲ್ಯಾಬಿನವರು ಲೆಕ್ಕವನ್ನು ತಿದ್ದಿ ವರದಿ ಕೊಡಬೇಕಾಗುತ್ತದೆ.

ಕಣದೊಳಗಿನ ಹಿಮೋಗ್ಲೋಬಿನ್ ಕೂಡ ಬೇರೆ. ಹೆಚ್ಚಿನದು ಬೀಟಾ ಸರಪಳಿಯ ಬದಲು ಗಾಮಾ ಸರಪಳಿಯಿರುವ ಭ್ರೂಣ ಹಿಮೋಗ್ಲೋಬಿನ್. ಆಮ್ಲಜನಕವನ್ನು ಬಿಡಿಸುವ 2,3-ಬಿಪಿಜಿ ಎಂಬ ಪದಾರ್ಥ ಇದಕ್ಕೆ ಅಷ್ಟಾಗಿ ಅಂಟಿಕೊಳ್ಳುವುದಿಲ್ಲ. ಹಾಗಾಗಿ ಇದು ಮಾಸಿನಲ್ಲಿ ತಾಯಿಯ ರಕ್ತದಿಂದ ಆಮ್ಲಜನಕವನ್ನು ಸೆಳೆದುಕೊಳ್ಳಬಲ್ಲದು. ಹುಟ್ಟಿದ ಮೇಲೆ ತಿಂಗಳುಗಳು ಕಳೆದಂತೆ ವಯಸ್ಕರ ಹಿಮೋಗ್ಲೋಬಿನ್ ಇದರ ಜಾಗಕ್ಕೆ ಬರುತ್ತದೆ. ಬೀಟಾ ಸರಪಳಿ ಸರಿಯಾಗಿ ತಯಾರಾಗದ ತೀವ್ರ ಬೀಟಾ ಥಲಸ್ಸೇಮಿಯಾ ಇರುವ ಮಗು ಮೊದಲ ಕೆಲ ತಿಂಗಳು ಆರೋಗ್ಯವಾಗಿಯೇ ಕಾಣುವುದು ಇದೇ ಕಾರಣಕ್ಕೆ.

ಎಳೆ ಬಿಳಿಕಣಗಳ ಲಾಭ

ದೊಡ್ಡವರ ಟಿ ಕೋಶಗಳಲ್ಲಿ ಎಷ್ಟೋ ಕೋಶಗಳು ಸೋಂಕು, ಲಸಿಕೆಗಳನ್ನು ಕಂಡು ಪಳಗಿರುತ್ತವೆ. ಬಳ್ಳಿರಕ್ತದ ಟಿ ಕೋಶಗಳಲ್ಲಿ ಬಹುಪಾಲು ಇನ್ನೂ ಯಾವ ಶತ್ರುವನ್ನೂ ಎದುರಿಸದವು. ಮಜ್ಜೆ ಕಸಿಯಲ್ಲಿ ದಾನಿಯ ಟಿ ಕೋಶಗಳು ರೋಗಿಯ ಚರ್ಮ, ಕರುಳು, ಯಕೃತ್ತಿನ ಮೇಲೆ ಎರಗುವ ಅಪಾಯವಿದೆ. ಎಳೆ ಟಿ ಕೋಶಗಳಲ್ಲಿ ಈ ಆರ್ಭಟ ಕಡಿಮೆ. ಅದಕ್ಕೇ ದಾನಿ-ರೋಗಿಯ ಹೊಂದಾಣಿಕೆಗೆ ಪರಿಶೀಲಿಸುವ ಆರು ಎಚ್‌ಎಲ್‌ಎ ಗುರುತುಗಳಲ್ಲಿ ನಾಲ್ಕು ಹೊಂದಿದರೂ ಮಜ್ಜೆಯ ಬದಲು ಬಳ್ಳಿರಕ್ತವನ್ನು ಕಸಿಗೆ ಬಳಸಬಹುದು. ಬೇರೆ ದಾನಿಯ ಮಜ್ಜೆಗಾದರೆ ಇನ್ನೂ ನಿಕಟ ಹೊಂದಾಣಿಕೆಯನ್ನು ನೋಡುತ್ತಾರೆ.

ಕಸಿಯ ನಿಜವಾದ ಸರಕು ಸಿಡಿ34 ಗುರುತಿನ ಆಕರಕೋಶಗಳು. ಒಟ್ಟು ಕೋಶಗಳಲ್ಲಿ ಅವು ಶೇ 1ಕ್ಕೂ ಕಡಿಮೆ, ಆದರೆ ವಿಭಜನೆಗೊಳ್ಳುವ ಕಸುವು ಹೆಚ್ಚು. 1988ರಲ್ಲಿ ಪ್ಯಾರಿಸ್ಸಿನ ಸೇಂಟ್ ಲೂಯಿ ಆಸ್ಪತ್ರೆಯಲ್ಲಿ ಎಲಿಯಾನ್ ಗ್ಲುಕ್‌ಮನ್ ತಂಡ ಫ್ಯಾಂಕೋನಿ ಅನೀಮಿಯಾ ಇದ್ದ ಬಾಲಕನಿಗೆ ಅವನ ತಂಗಿಯ ಬಳ್ಳಿರಕ್ತ ಕೊಟ್ಟು ಇಂಥ ಕಸಿಯನ್ನು ಮೊದಲು ಸಾಧಿಸಿತು.

ಅದೇ ಎಳೆತನದ ನಷ್ಟ

ಕಸಿಗೆ ರೋಗಿಯ ತೂಕದ ಪ್ರತಿ ಕಿಲೋಗೆ ಸುಮಾರು 2.5 ಕೋಟಿ ನ್ಯೂಕ್ಲಿಯಸ್‌ಯುಕ್ತ ಕೋಶಗಳಾದರೂ ಬೇಕು. 60 ಕಿಲೋ ಇದ್ದವರಿಗೆ 150 ಕೋಟಿ ಆಯಿತು! ಒಂದು ಚೀಲದಲ್ಲಿ ಎಷ್ಟೋ ಸಲ ಅಷ್ಟು ಇರುವುದಿಲ್ಲ. ಹಾಗಾಗಿ ದೊಡ್ಡವರಿಗೆ ಎರಡು ಮಕ್ಕಳ ಚೀಲ ಕೊಡುವುದೂ ಉಂಟು. ಎಳೆಯ ಕೋಶಗಳು ಬಲಿತು ಕೆಲಸಕ್ಕೆ ಬರಲು ಹೆಚ್ಚು ಸಮಯ ಬೇಕು. ಆ ವಾರಗಳಲ್ಲಿ ರೋಗಿಗೆ ಸೋಂಕಿನ ಭಯ ಹೆಚ್ಚು. ಈ ಅವಧಿಯನ್ನು ತಗ್ಗಿಸಲೆಂದೇ ಬಳ್ಳಿರಕ್ತದ ಕೋಶಗಳನ್ನು ಲ್ಯಾಬಿನಲ್ಲಿ ಬೆಳೆಸಿ ತಯಾರಿಸುವ ಓಮಿಡುಬಿಸೆಲ್‌ಗೆ 2023ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು.

ಹೆತ್ತವರು ತಿಳಿದಿರಬೇಕಾದ್ದು

ಹಣ ಕಟ್ಟಿ ಸ್ವಂತಕ್ಕೆ ಇಟ್ಟ ರಕ್ತ ಅದೇ ಮಗುವಿಗೆ ಒದಗುವ ಸಾಧ್ಯತೆ ತೀರಾ ಕಡಿಮೆ. ಮಗುವಿಗೆ ಥಲಸ್ಸೇಮಿಯಾ ಇದ್ದರೆ ಅದೇ ದೋಷ ಆ ಚೀಲದ ಕೋಶಗಳಲ್ಲೂ ಇರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಕೂಡ ವಾಣಿಜ್ಯ ಉದ್ದೇಶದ ಖಾಸಗಿ ಸಂಗ್ರಹವನ್ನು ಶಿಫಾರಸು ಮಾಡುವುದಿಲ್ಲ. ಆದರೆ ಮನೆಯಲ್ಲಿ ಈಗಾಗಲೇ ಕಸಿಯಿಂದ ಗುಣವಾಗಬಲ್ಲ ಕಾಯಿಲೆಯ ಮಗುವಿದ್ದರೆ, ಮುಂದೆ ಹುಟ್ಟುವ ತಮ್ಮನ ಅಥವಾ ತಂಗಿಯ ಬಳ್ಳಿರಕ್ತ ಉಪಯೋಗಕ್ಕೆ ಬರಬಹುದು. ಅಂಥವರು ಹೆರಿಗೆಗೆ ಸಾಕಷ್ಟು ಮುಂಚೆಯೇ ರಕ್ತರೋಗ ತಜ್ಞರನ್ನು ಕಾಣಬೇಕು. ಹೇಗಿದ್ದರೂ ಸಂಗ್ರಹದ ಅವಸರಕ್ಕೆ ಬಳ್ಳಿಯನ್ನು ಬೇಗ ಕ್ಲಾಂಪ್ ಮಾಡಿಸುವುದು ಬೇಡ. ಕನಿಷ್ಠ ಒಂದು ನಿಮಿಷ ಕಾಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ಹೊತ್ತಿನಲ್ಲಿ ಮಗುವಿಗೆ ಹರಿಯುವ ರಕ್ತ ಅದರ ಕಬ್ಬಿಣಾಂಶವನ್ನು ಹೆಚ್ಚಿಸುತ್ತದೆ.