ಕುಂಸಿಯ ಟ್ರಂಕಿನಲ್ಲಿ ಸಿಐಡಿ 999

‘ಜೇಡರ ಬಲೆ’ ಚಿತ್ರದ ಹಾಡಿನ ಪುಸ್ತಕ ಇನ್ನೂ ಯಾರ ಬಳಿಯಾದರೂ ಇದ್ದೀತು ಎಂದು ನಾನು ಎಣಿಸಿರಲಿಲ್ಲ. ಶಿವಮೊಗ್ಗದ ಹತ್ತಿರದ ಕುಂಸಿಯ ಹಳೆ ಹೆಂಚಿನ ಮನೆಯೊಂದರ ಟ್ರಂಕಿನಲ್ಲಿ, ಮದುವೆ ಕರೆಯೋಲೆಗಳ ಅಡಿಯಲ್ಲಿ ಸಿಕ್ಕಿತು. ಪಿನ್ನು ತುಕ್ಕು ಹಿಡಿದು ನಡುಹಾಳೆಗೆ ಕಂದು ಕಲೆ ಇಳಿದಿದೆ, ಅಂಚನ್ನು ಗೆದ್ದಲು ತಿಂದಿದೆ. ಕಥಾಸಾರ ಮಾತ್ರ ಪೂರ್ತಿ ಓದಲು ಬರುತ್ತದೆ. ಪೂರ್ತಿ ಅಂದರೆ, ಕುತೂಹಲ ಏರುವ ಹೊತ್ತಿಗೆ ಕಥೆ ನಿಲ್ಲಿಸಿ ಮಿಕ್ಕಿದ್ದನ್ನು ತೆರೆಯ ಮೇಲೆ ನೋಡಿ ಎನ್ನುತ್ತಿದ್ದರಲ್ಲ, ಅಲ್ಲಿಯವರೆಗೆ.

ಪುಸ್ತಕ ಕಾಪಾಡಿದವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಹಿರಿಯರು. ಚಿತ್ರದ ಕಥೆ ನೆನೆದು, “ಯಾವ ಲೋಹ ಕೊಟ್ರೂ ಚಿನ್ನ ಮಾಡೋ ಫಾರ್ಮುಲಾ! ನಮ್ಮಲ್ಲಿ ಅದಿರನ್ನ ಕಬ್ಬಿಣ ಮಾಡೋಕೇ ಹಗಲೂ ರಾತ್ರಿ ಕುಲುಮೆ ಉರೀಬೇಕಿತ್ತು. ಆದ್ರೂ ಉಸಿರು ಬಿಗಿಹಿಡಿದು ನೋಡಿದ್ವಿ ಮಾರಾಯ್ರೆ” ಎಂದರು.

1968ರ ಈ ಕಪ್ಪು ಬಿಳುಪು ಚಿತ್ರ ದೊರೈ-ಭಗವಾನ್ ಜೋಡಿಯ ಮೊದಲ ನಿರ್ದೇಶನ. ರಾಜ್‌ಕುಮಾರ್ ಸಿಐಡಿ 999, ಜಯಂತಿ ನಾಯಕಿ, ಸಂಗೀತ ಜಿ.ಕೆ. ವೆಂಕಟೇಶ್. ಬಾಂಡ್ ಚಿತ್ರಗಳ ಗಾಳಿ ಬೀಸುತ್ತಿದ್ದ ಕಾಲ. ಆದರೆ ಬಾಂಡ್‌ನ ಬಂಡವಾಳ ಕನ್ನಡಕ್ಕೆ ಎಲ್ಲಿಂದ ಬರಬೇಕು? ಜಾಣತನದಲ್ಲೇ ತೂಗಿಸಬೇಕಿತ್ತು. ‘ಗೋವಾದಲ್ಲಿ ಸಿಐಡಿ 999’ ಅದೇ ವರ್ಷ ಬಂತು, ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’ ಮರುವರ್ಷ. ಕನ್ನಡಕ್ಕೆ ನಟಿ ಲಕ್ಷ್ಮಿ ಬಂದದ್ದು ಗೋವಾ ಚಿತ್ರದಲ್ಲಿ, ರೇಖಾ ಬಂದದ್ದು ಜಾಕ್‌ಪಾಟ್ ಚಿತ್ರದಲ್ಲಿ.

ನನ್ನನ್ನು ಬಿಡದೆ ಕಾಡುತ್ತಿರುವುದು ‘ಜೇಡರ ಬಲೆ’ಯ ಆ ಚಿನ್ನದ ಸೂತ್ರ. ಅದನ್ನು ಬರೀ ಹುಚ್ಚು ಕಲ್ಪನೆ ಎನ್ನುವವರು ಆಗಿನ ದಿನಗಳನ್ನು ನೆನೆಯಬೇಕು. 1963ರ ಜನವರಿಯಲ್ಲಿ ಮೊರಾರ್ಜಿ ದೇಸಾಯಿಯವರ ಚಿನ್ನ ನಿಯಂತ್ರಣ ಬಂತು. 14 ಕ್ಯಾರೆಟ್ ಮೀರಿದ ಹೊಸ ಒಡವೆ ಮಾಡುವಂತಿಲ್ಲ ಎಂದಾಯಿತು. ಎಷ್ಟೋ ಅಕ್ಕಸಾಲಿಗರ ಕೈಗೆ ಕೆಲಸವೇ ಇಲ್ಲವಾಯಿತು. ಆ ನಿಯಮ ಸಡಿಲಗೊಂಡರೂ, ಚಿನ್ನ ನಿಯಂತ್ರಣ ಕಾಯ್ದೆ ಬಂದದ್ದು ಇದೇ 1968ರಲ್ಲಿ. ಅದು ರದ್ದಾಗಲು 1990 ಬರಬೇಕಾಯಿತು. ಮಗಳ ಮದುವೆಗೆ ಎರಡೆಳೆ ಸರ ಮಾಡಿಸಲು ತಿಣುಕುತ್ತಿದ್ದವರ ಮುಂದೆ ಆ ಸೂತ್ರ ಇಟ್ಟರೆ ಯಾರು ತಾನೇ ಎದ್ದು ಹೋದಾರು?

ಇನ್ನು ವಿಜ್ಞಾನ. ಕುಂಸಿ ಸೀಮೆಯ ನೆಲದಲ್ಲಿ ಮ್ಯಾಂಗನೀಸ್ ಅದಿರಿದೆ. ಮ್ಯಾಂಗನೀಸಿನ ಪರಮಾಣುವಿನಲ್ಲಿ 25 ಪ್ರೋಟಾನ್, ಚಿನ್ನದಲ್ಲಿ 79. ಇನ್ನೂ 54 ತುರುಕದ ಹೊರತು ಕುಂಸಿಯ ಕರಿಕಲ್ಲು ಹೊನ್ನಾಗದು. ಯಾವ ರಸಾಯನಕ್ಕೂ ಆ ಶಕ್ತಿಯಿಲ್ಲ. ಭಾರದ ಪರಮಾಣುವಿನಿಂದ ಪ್ರೋಟಾನ್ ಕಿತ್ತುಹಾಕಿ ಚಿನ್ನ ಪಡೆದದ್ದುಂಟು. 1980ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ವಿಜ್ಞಾನಿ ಗ್ಲೆನ್ ಸೀಬೋರ್ಗ್ ತಂಡ ಬಿಸ್ಮತ್‌ನಿಂದ ಚಿನ್ನದ ಪರಮಾಣುಗಳನ್ನು ಪಡೆಯಿತು. ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಸೀಸದ ಪರಮಾಣು ಕೇಂದ್ರಗಳು ಒಂದಕ್ಕೊಂದು ತಾಗದೆ ತೀರ ಸಮೀಪ ಹಾದುಹೋಗುವಾಗ ಮೂರು ಪ್ರೋಟಾನ್ ಕಳಚಿ ಚಿನ್ನವಾದದ್ದನ್ನು 2025ರಲ್ಲಿ ಪ್ರಕಟಿಸಿದರು. 2015ರಿಂದ 2018ರವರೆಗೆ ಹುಟ್ಟಿದ್ದು ಸುಮಾರು 8,600 ಕೋಟಿ ಚಿನ್ನದ ಪರಮಾಣು ಕೇಂದ್ರಗಳು. ತೂಕ? ಒಂದು ಗ್ರಾಮನ್ನು ಲಕ್ಷ ಕೋಟಿ ಪಾಲು ಮಾಡಿದರೆ ಅದರಲ್ಲಿ 29 ಪಾಲು. ಅವೂ ಕ್ಷಣದೊಳಗೆ ಚೂರಾದವು. ಸುದ್ದಿ ಓದಿದಾಗ ನನಗೆ ಮೊದಲು ನೆನಪಾದದ್ದು ಸಿಐಡಿ 999.

ತೆರೆಯ ಮೇಲೆ ವಿಜ್ಞಾನದ ಇಂಥ ಸಾಹಸವನ್ನು ನೆರೆಯ ತಮಿಳರೂ ಮಾಡಿದ್ದಾರೆ. 1952ರಲ್ಲಿ ಸೇಲಂನ ಮಾಡರ್ನ್ ಥಿಯೇಟರ್ಸ್ ಅಮೆರಿಕದ ಲಿಪರ್ಟ್ ಕಂಪನಿಯ ಜೊತೆಗೂಡಿ ‘ದಿ ಜಂಗಲ್’ ತೆಗೆಯಿತು. ಆನೆಗಳಿಗೆ ಉದ್ದುದ್ದ ಕೂದಲು ತೊಡಿಸಿ ಮ್ಯಾಮತ್ ಎಂದು ನಡೆಸಿದರು. ಸಕ್ರೆಬೈಲಿನ ಆನೆ ಬಿಡಾರ ನೋಡಿ ಬೆಳೆದ ಶಿವಮೊಗ್ಗದವರನ್ನು ಆ ಕೂದಲು ಏಮಾರಿಸಲಾರದು. ಅದಿರಲಿ, ಕಾಡಾನೆಯಲ್ಲಿ ಹಿಮಯುಗ ಕಂಡವರ ಧೈರ್ಯ ದೊಡ್ಡದು. ಎಂಜಿಆರ್ ಅವರ ‘ಕಲೈ ಅರಸಿ’ (1963) ಅನ್ಯಗ್ರಹದವರನ್ನೇ ಕರೆತಂದಿತು.

ಇಂಥ ಚಿತ್ರಗಳನ್ನು ಗೇಲಿ ಮಾಡಲೆಂದೇ ನೋಡುವ ಚಾಳಿ ನನಗೆ ಹಿಡಿಸದು. ಮಿಣುಕುವ ಬಲ್ಬು, ಕುದಿಯುವ ನಳಿಕೆ ಕಂಡರೆ ನಗು ಬರುತ್ತದೆ, ನಕ್ಕುಬಿಡಿ. ಆದರೆ ‘ಜೇಡರ ಬಲೆ’ಯಲ್ಲಿ ರಾಜ್‌ಕುಮಾರ್ ಒಂದೇ ಒಂದು ಕ್ಷಣವೂ ಪಾತ್ರದಿಂದ ಆಚೆ ನಿಂತು ಕಣ್ಣು ಮಿಟುಕಿಸುವುದಿಲ್ಲ. ‘ಕಸ್ತೂರಿ ನಿವಾಸ’ಕ್ಕೆ ಕೊಟ್ಟ ಶ್ರದ್ಧೆಯನ್ನೇ ಇದಕ್ಕೂ ಕೊಟ್ಟಿದ್ದಾರೆ. ಆ ಚಿತ್ರವೂ ಇದೇ ದೊರೈ-ಭಗವಾನ್ ಅವರದು, ಮೂರೇ ವರ್ಷದ ಅಂತರದಲ್ಲಿ.

ನಿಮ್ಮ ಅಟ್ಟದಲ್ಲೂ ಇಂಥ ಹಾಡಿನ ಪುಸ್ತಕ, ಕರಪತ್ರಗಳಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಮೊಬೈಲಿನಲ್ಲಿ ಪ್ರತಿ ಪುಟದ ಚಿತ್ರ ತೆಗೆದಿಟ್ಟುಕೊಳ್ಳಿ, ಗೆದ್ದಲು ಕಾಯುವುದಿಲ್ಲ.