ಮುತ್ತಿನ ಗಂಟು

ಹಲ್ಲು ನೋಯುತ್ತದೆಂದು ಒಬ್ಬನು ದಂತವೈದ್ಯರ ಬಳಿಗೆ ಹೋಗುತ್ತಾನೆ. ಹಲ್ಲನ್ನು ಕೀಳಿಸಿದರೂ ನೋವು ನಿಲ್ಲದು; ಪಕ್ಕದ ಹಲ್ಲನ್ನು ಕೀಳಿಸಿದರೂ ನಿಲ್ಲದು. ಕೆನ್ನೆಗೆ ಗಾಳಿ ಸೋಕಿದರೆ, ಒಂದು ತುತ್ತು ಅಗಿದರೆ ಸಾಕು, ಮಿಂಚು ಹೊಡೆದಂತೆ ನೋವು ಹಾಯುತ್ತದೆ. ಕೆಲವು ಕ್ಷಣಗಳಲ್ಲಿ ಅದು ಅಡಗುತ್ತದೆ. ಮತ್ತೆ ಯಾವಾಗ ಬಂದೀತೋ ಎಂಬ ಅಂಜಿಕೆ ಮಾತ್ರ ಅಡಗದು. ಲಂಡನ್ನಿನ ವೈದ್ಯರಾದ ಜಾನ್ ಫಾದರ್‌ಗಿಲ್ ಅವರು 1773ರಲ್ಲಿಯೇ ಈ ಬೇನೆಯನ್ನು ವಿವರಿಸಿದ್ದರು.

ಮುಖದ ಸ್ಪರ್ಶ, ನೋವು, ಬಿಸಿ, ತಂಪುಗಳನ್ನು ಮಿದುಳಿಗೆ ಮುಟ್ಟಿಸುವುದು ಐದನೆಯ ಕಪಾಲ ನರ. ಇದು ಮೂರು ಕವಲುಗಳಾಗಿ ಹಣೆ, ಮೇಲ್ದವಡೆ, ಕೆಳದವಡೆಗಳಿಗೆ ಹರಡಿದೆ. ನಗುವಾಗ, ಕಣ್ಣು ಮುಚ್ಚುವಾಗ ಮುಖವನ್ನು ಆಡಿಸುವ ನರ ಇದಲ್ಲ, ಅದು ಏಳನೆಯದು. ಐದನೆಯ ನರವು ಮಿದುಳುಕಾಂಡವನ್ನು ಸೇರುವ ಬುಡದಲ್ಲಿ ಒತ್ತಡ ಬಿದ್ದರೆ, ನರತಂತುಗಳ ಹೊದಿಕೆ ಸವೆಯುತ್ತದೆ. ಆಗ ಹೊದಿಕೆ ಕಳಚಿದ ವಿದ್ಯುತ್ ತಂತಿಗಳಲ್ಲಿ ಆಗುವಂತೆ, ಸ್ಪರ್ಶದ ಸಂದೇಶವು ನೋವಿನ ತಂತುವಿಗೆ ಹಾರುತ್ತದೆ. ಬಹುತೇಕ ರೋಗಿಗಳಲ್ಲಿ ಒತ್ತುವುದು ಒಂದು ರಕ್ತನಾಳ. ಅಮೆರಿಕದ ಶಸ್ತ್ರವೈದ್ಯ ವಾಲ್ಟರ್ ಡ್ಯಾಂಡಿ ಅವರು ಇದನ್ನು ಕಂಡು 1934ರಲ್ಲಿ ಪ್ರಕಟಿಸಿದರು. ಕೆಲವರಲ್ಲಿ ನಾಳದ ಬದಲು ಗಂಟು ಇದ್ದುದನ್ನೂ ಕಂಡರು.

ಇಂತಹ ಗಂಟುಗಳಲ್ಲಿ ಎಪಿಡರ್ಮಾಯ್ಡ್ ಎಂಬುದರ ಹುಟ್ಟು ವಿಚಿತ್ರವಾದುದು. ಚರ್ಮವೂ ನರಮಂಡಲವೂ ಭ್ರೂಣದ ಒಂದೇ ಪದರದಿಂದ ರೂಪುಗೊಳ್ಳುತ್ತವೆ. ಗರ್ಭದ ಮೊದಲ ವಾರಗಳಲ್ಲಿ ಇವೆರಡೂ ಬೇರ್ಪಡುವಾಗ ಚರ್ಮದ ಕೆಲವು ಜೀವಕೋಶಗಳು ಒಳಗೇ ಸಿಕ್ಕಿಬೀಳುವುದುಂಟು. ನಮ್ಮ ಚರ್ಮವು ಸತ್ತ ಪೊರೆಯನ್ನು ಹೊರಗೆ ಉದುರಿಸುತ್ತದೆ. ಅವಕ್ಕೆ ಉದುರಿಸಲು ಹೊರಗೆಂಬುದೇ ಇಲ್ಲ. ಆದುದರಿಂದ ಪೊರೆಯು ಚೀಲದೊಳಗೆ ವರ್ಷಗಟ್ಟಲೆ ಸಂಚಯವಾಗುತ್ತದೆ. ಅದರ ಬಿಳಿಯ ಹೊಳಪನ್ನು ಕಂಡು ಫ್ರಾನ್ಸಿನ ಕ್ರುವೆಯೆ ಅವರು ಇದಕ್ಕೆ ಮುತ್ತಿನ ಗಂಟು ಎಂಬ ಹೆಸರನ್ನೇ ಕೊಟ್ಟರು. ಇದು ಕ್ಯಾನ್ಸರ್ ಅಲ್ಲ. ಆದರೆ ಬೆಳೆದ ಸ್ಥಳ ಇಕ್ಕಟ್ಟಾದುದು. ಅಲ್ಲಿ ಸಾಧು ಗಂಟು ಕೂಡ ಸಾಧುವಾಗಿ ಉಳಿಯದು.

ಹಿಂದೆ ತಲೆಬುರುಡೆಯನ್ನು ತೆರೆಯದೆ ಇದನ್ನು ಕಾಣುವಂತಿರಲಿಲ್ಲ. ಈಗ ಎಂ.ಆರ್.ಐ. ಚಿತ್ರವು ಇದನ್ನು ತೋರಿಸಿಕೊಡುತ್ತದೆ. ಚಿಕ್ಕ ವಯಸ್ಸಿನಲ್ಲೇ ಈ ನೋವು ಬಂದವರಿಗೆ ಆ ಪರೀಕ್ಷೆ ಅವಶ್ಯಕ. ಕಾರ್ಬಮಜೆಪೀನ್ ಎಂಬ ಔಷಧಿಯು ನೋವನ್ನು ಹತೋಟಿಯಲ್ಲಿಡಬಲ್ಲದು; ಗಂಟನ್ನು ಕರಗಿಸಲಾರದು. ಅದಕ್ಕೆ ಶಸ್ತ್ರಚಿಕಿತ್ಸೆಯೇ ಮಾರ್ಗ. ಕಿವಿಯ ಹಿಂಭಾಗದಲ್ಲಿ ಮೂಳೆಯನ್ನು ತೆರೆದು, ಸೂಕ್ಷ್ಮದರ್ಶಕದ ನೆರವಿನಿಂದ ವೈದ್ಯರು ಒಳಹೋಗುತ್ತಾರೆ. ಮೇಣದಂತಹ ತಿರುಳು ಸುಲಭವಾಗಿ ಬರುತ್ತದೆ. ಕಷ್ಟವಿರುವುದು ಹೊರಚೀಲದಲ್ಲಿ. ಅದು ನರಗಳಿಗೂ ರಕ್ತನಾಳಗಳಿಗೂ ಅಂಟಿಕೊಂಡಿದ್ದರೆ, ಎಳೆದು ಕೀಳುವುದಕ್ಕಿಂತ ಒಂದು ಚೂರನ್ನು ಅಲ್ಲೇ ಬಿಡುವುದು ಲೇಸೆಂದು ನುರಿತ ವೈದ್ಯರು ನಿರ್ಧರಿಸುತ್ತಾರೆ. ಒತ್ತಡ ಕಳೆದೊಡನೆ ಅನೇಕರ ನೋವು ನಿಲ್ಲುತ್ತದೆ. ಉಳಿದ ಚೂರು ಮತ್ತೆ ಬೆಳೆಯಬಹುದಾದ ಕಾರಣ, ಅವರನ್ನು ಹಲವು ವರ್ಷಗಳ ಕಾಲ ಪರೀಕ್ಷಿಸುತ್ತಿರಬೇಕಾಗುತ್ತದೆ.